ರಾತ್ರಿಯ ಜೀವನವು ಎಲ್ಲಿ ದೊರೆಯುತ್ತದೆ

ಸ್ಟೇಷನ್ನಿನ ಮುಂದೆ ಹತ್ತೂವರೆಗೆ ಆಟೋ ಹತ್ತಿದಳು.
ಒಣಗಾಳಿ ತಿಂದು ತಿಂದು ಕೆಂಪಾದ ಕೆನ್ನೆ,
ಕೈಯಲ್ಲಿ ಭತ್ತದ ಚೀಲದಷ್ಟು ದೊಡ್ಡ ಖಾಲಿ ಬ್ಯಾಗು.
ಹೆಸರು ಕೇಳಿದೆ. ಸರಂಗೆರೆಲ್ ಅಂದಳು.
ನನ್ನ ನಾಲಿಗೆ ಸಾರಂಗಿಯವರೆಗೆ ಹೋಗಿ ನಿಂತಿತು.
ಅದಕ್ಕವಳು ತಕರಾರು ಮಾಡಲಿಲ್ಲ.

ಫೋನಿಗೆ ಏನೋ ಹೇಳಿದಳು, ಗಂಟಲಾಳದಿಂದ.
ಫೋನು ಅದನ್ನು ನುಂಗಿ, ಅರೆಗಳಿಗೆ ಯೋಚಿಸಿ,
ಏಳನೇ ಇಯತ್ತೆ ಮೇಷ್ಟ್ರ ಕನ್ನಡದಲ್ಲಿ ಕೇಳಿತು:
"ಈ ನಗರದಲ್ಲಿ ರಾತ್ರಿಯ ಜೀವನವು ಎಲ್ಲಿ ದೊರೆಯುತ್ತದೆ?"

ಇಪ್ಪತ್ತೆರಡು ವರ್ಷ ಹ್ಯಾಂಡಲ್ ಹಿಡಿದಿದ್ದೇನೆ ಇದೇ ಊರಲ್ಲಿ.
ಆಸ್ಪತ್ರೆ ಕೇಳಿದ್ದಾರೆ, ಲಾಡ್ಜು ಕೇಳಿದ್ದಾರೆ,
ಓಡಿಹೋದ ಮಗ ಸಿಕ್ಕಾನೇ ಅಂತಲೂ ಕೇಳಿದ್ದಾರೆ.
ಇದನ್ನು ಯಾರೂ ಕೇಳಿರಲಿಲ್ಲ.

ಮೋತಿ ಸರ್ಕಲ್ಲು ತೋರಿಸಿದೆ, ಶಟರು ಎಳೆದಿತ್ತು.
ಕೋಟೆ ಗುಡ್ಡ ತೋರಿಸಿದೆ, ದಿನವಿಡೀ ಕುಡಿದ ಬಿಸಿಲನ್ನು
ಮಲಗಿದ ಎಮ್ಮೆಯ ಹಾಗೆ ಉಸಿರುಬಿಡುತ್ತಿತ್ತು.
ಬ್ರೂಸ್‌ಪೇಟೆಯಲ್ಲಿ ಪೊಲೀಸಪ್ಪ ಲಾಠಿಯಿಂದ ಟಾಪು ತಟ್ಟಿ
ಎಲ್ಲಿಗೆ ಅಂದ. ರಾತ್ರಿ ಜೀವನಕ್ಕೆ ಅನ್ನಲಾಗುತ್ತದೆಯೇ?
"ಒಗ್ಗಾಣಿಗೆ ಸಾರ್" ಅಂದೆ. ಆಮೇಲೆ ಅದೇ ನಿಜವಾಯಿತು.

ಕೌಲ್ ಬಜಾರಿನ ಮೂಲೆಗೆ ಪೀರಾಂಬಿಯ ಬಂಡಿ.
ಒಗ್ಗಾಣಿ, ಮೇಲೆ ಪುಟಾಣಿ ಪುಡಿ, ಬದಿಗೆ ಎರಡು ಮಿರ್ಚಿ.
ಸಾರಂಗಿ ಮೊದಲನೆಯದನ್ನು ಬಾಳೆಹಣ್ಣಿನಂತೆ ಕಚ್ಚಿದಳು.
ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
ಕಣ್ಣೊರೆಸಿಕೊಂಡು ಎರಡನೆಯದಕ್ಕೆ ಕೈ ಹಾಕಿದಾಗ
"ನಮ್ಮಾಕಿನೇ ಬಿಡಪಾ" ಅಂದಳು ಪೀರಾಂಬಿ.

ಚಹಾ ಬಂತು, ಸಕ್ಕರೆ ಬೇಡವೆಂದದ್ದು.
ಬಂಡಿಯ ಮೇಲಿನ ಡಬ್ಬಿಯಿಂದ ಎರಡು ಚಿಟಿಕೆ ಉದುರಿಸಿದಳು.
"ಅದು ಉಪ್ಪವ್ವಾ!" ತಡೆಯಹೋದ ಕೈ
ಗಾಳಿಯಲ್ಲೇ ಉಳಿಯಿತು.
ಫೋನು ಹೇಳಿತು: "ನಮ್ಮಲ್ಲಿ ಹೀಗೆಯೇ. ಹಾಲು, ಚಹಾ, ಉಪ್ಪು.
ಜೊತೆಗೆ ಕುರಿಮಾಂಸ ತುಂಬಿದ ಕಡುಬು. ಹೊರಗೆ ಮೈನಸ್ ಮೂವತ್ತು."
ಮೈನಸ್ ಅಂದರೇನು ಅಂತ ಪೀರಾಂಬಿ.
ಐಸಿನ ಡಬ್ಬಿಯ ತಳಕ್ಕಿಂತ ಕೆಳಗೆ ಅಂದೆ.
ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಅವಳು
ಆ ಊರನ್ನು ಬಹಳ ಹೊತ್ತು ಯೋಚಿಸಿದಳು.

ಸಾರಂಗಿಗೆ ಬೇಕಾದದ್ದು ಪ್ಯಾಂಟು.
ಅವರ ಸಂತೆಯಲ್ಲಿ ಅವಳದೊಂದು ತಗಡಿನ ಅಂಗಡಿ.
ಬಳ್ಳಾರಿ ಜೀನ್ಸು ಅಗ್ಗ, ಗಟ್ಟಿ ಅಂತ
ದಿಲ್ಲಿಯಲ್ಲಿ ಯಾರೋ ಹೇಳಿದರಂತೆ.
ಅದು ಮೊದಲೇ ಹೇಳಬಾರದೇ ತಾಯಿ.

ನೀಲಿ ನೀರಿನ ಚರಂಡಿ ದಾಟಿ, ಒಂದು ಗಂಟೆಗೆ,
ಎರ್ರೆಪ್ಪನ ಮಾಳಿಗೆ ಹತ್ತಿದೆವು.
ಹದಿನಾಲ್ಕು ಮಿಷನ್ನು ಒಂದೇ ಸಮ ಓಡುತ್ತಿದ್ದವು.
ಟ್ಯೂಬ್‌ಲೈಟು, ಬೆವರು, ದಾರದ ಧೂಳು,
ಕಾಜಾ ಹೊಡೆಯುವ ಹುಡುಗಿಯರು, ಬೆರಳ ತುದಿಯೆಲ್ಲ ನೀಲಿ.
ಫೋನಿಗೆ ಬಾಯಿಟ್ಟು ಹೇಳಿದೆ:
"ಕೇಳಿದ್ರಲ್ಲ ಅಕ್ಕಾ, ಅದು ಇಲ್ಲಿ ದೊರಿತೈತಿ."
ಅದು ಏನೆಂದು ತಿರುಗಿಸಿತೋ, ಅವಳು ನಗಲಿಲ್ಲ.
ಮಿಷನ್ನಿಂದ ಮಿಷನ್ನಿಗೆ ನಡೆದು
ಒಂದು ಹೊಲಿಗೆಯನ್ನು ಉಗುರಿನಿಂದ ಕೆದಕಿದಳು. ಬಿಡಲಿಲ್ಲ.

ಮುನ್ನೂರು ಬೇಕು. ಆದರೆ ಒಳಗೆ ಉಣ್ಣೆ ಬೇಕು.
"ಉಣ್ಣಿ! ಪ್ಯಾಂಟಿಗೆ! ಬಳ್ಳಾರ್ಯಾಗ!" ಎರ್ರೆಪ್ಪ ಬಿದ್ದು ಬಿದ್ದು ನಕ್ಕ.
ನಗುತ್ತಲೇ ಹೋಗಿ ಮೂಲೆಯ ಮಂಚದಿಂದ
ಅಪ್ಪನ ಕರಿ ಕಂಬಳಿ ಎಳೆದು ತಂದ.
ಕುರಿ ಕಾದ ಕಂಬಳಿ. ಮಳೆ, ಹೊಗೆ, ಹಿಕ್ಕೆಯ ವಾಸನೆ.
ಅವಳದನ್ನು ಮೂಗಿಗೊತ್ತಿ ನಿಂತುಬಿಟ್ಟಳು.
ಫೋನು ಕೈಯಲ್ಲೇ ಇತ್ತು. ಅದಕ್ಕೇನೂ ಹೇಳಲಿಲ್ಲ.

ಕತ್ತರಿ ಕಂಡು ಮುದುಕ ಎದ್ದು ಕೂತ.
"ನನ್ನ ಹೊದಿಸಿ ಕಳಸಾಕ ಇಟ್ಟೀನಿ, ಮುಟ್ಟಬ್ಯಾಡ."
ಆಮೇಲೆ ಅವಳ ಕೆನ್ನೆ ನೋಡಿದನೋ ಏನೋ,
ಅಂಚಿನಲ್ಲಿ ಎರಡು ಗೇಣು ತಾನೇ ಅಳೆದು ಕೊಟ್ಟ.
ಎರಡು ಮೊಣಕಾಲಿಗೆ ಸರಿಹೋಯಿತು.
ಸ್ಯಾಂಪಲ್ಲು, ಒಂದು ಜೊತೆ, ನಾಲ್ಕು ಗಂಟೆಗೆ ಮುಗಿಯಿತು.

ಬೆಳಗಿನ ಗಾಡಿಗೆ ಅದನ್ನೇ ತೊಟ್ಟು ಹತ್ತಿದಳು,
ಮೇ ತಿಂಗಳು, ಮೊಣಕಾಲು ಕೆರೆದುಕೊಳ್ಳುತ್ತ.

ಮುನ್ನೂರರ ಆರ್ಡರು ಬಂತೋ ಇಲ್ಲವೋ
ಎರ್ರೆಪ್ಪ ಹೇಳಿಲ್ಲ, ನಾನೂ ಕೇಳಿಲ್ಲ.
ಮೊನ್ನೆ ಪೀರಾಂಬಿ ಅತ್ತ ತಿರುಗಿದ್ದಾಗ
ಚಹಾಕ್ಕೆ ಚಿಟಿಕೆ ಉಪ್ಪು ಹಾಕಿದೆ.
ಚೆನ್ನಾಗಿರಲಿಲ್ಲ.
ಪೂರಾ ಕುಡಿದೆ.